ಮಕ್ಕಳ ಫೋನ್ ಕಾಯುವ ಆಪ್: ಐದಕ್ಕೆ ಎರಡು ಸ್ಟಾರ್, ಅದೂ ಲೊಕೇಶನ್‌ಗೆ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಫೋನಿಗೆ ಹಾಕಿ, ಅವರ ಮೆಸೇಜು, ಫೋಟೋ, ಕಾಲ್ ಎಲ್ಲವನ್ನೂ ಅಪ್ಪ ಅಮ್ಮನ ಫೋನಿನಲ್ಲಿ ತೋರಿಸುವ ದುಡ್ಡಿನ ಆಪ್ ಇದೆಯಲ್ಲ, ಅದು ಬೇಡ. ಮಗು ಎಲ್ಲಿದೆ ಅಂತ ತೋರಿಸುವುದು, ದಿನಕ್ಕೆ ಇಷ್ಟೇ ಹೊತ್ತು ಅಂತ ಫೋನ್ ಲಾಕ್ ಮಾಡುವುದು ಚೆನ್ನಾಗಿದೆ. ಎರಡು ಸ್ಟಾರ್ ಅದಕ್ಕೇ. ಆದರೆ ಅವೆರಡೂ ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆಪ್ ಹೆಸರು ಬರೆಯುತ್ತಿಲ್ಲ. ಇಂಥವು ಹತ್ತಾರು ಇವೆ, ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ, ಹಾಗಾಗಿ ನಿಮ್ಮ ಕೈಲಿರುವುದಕ್ಕೂ ಇದು ಅನ್ವಯಿಸಬಹುದು.

ಆಪ್ ಹಾಕಿಸಿದ್ದು ನನ್ನ ಅಣ್ಣ. ಅವನ ಮಗಳು ಎಂಟನೇ ಕ್ಲಾಸು. ನಮ್ಮ ಮನೆ ಸಿದ್ದಾಪುರದ ಕಡೆ, ತೋಟದ ಒಳಗೆ. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಜುಲೈ ಬಂತು ಅಂದರೆ ಮಳೆ ರಜೆ. ರಾತ್ರಿ ಎಲ್ಲರೂ ಡಿಸಿ ಆರ್ಡರ್ ಬಂತಾ ಅಂತ ವಾಟ್ಸಾಪ್ ನೋಡ್ತಾ ಕೂತಿರುತ್ತೇವೆ, ಬಂತು ಅಂದರೆ ಮಾರನೇ ದಿನ ಮಕ್ಕಳೆಲ್ಲ ಮನೆಯಲ್ಲಿ. ಹೊರಗೆ ಹೋಗೋಕೆ ಆಗಲ್ಲ, ಟೀವಿಗೆ ಕರೆಂಟ್ ಇಲ್ಲ, ಉಳಿದದ್ದು ಫೋನು. ಒಂದು ಗೇಮಿನಲ್ಲಿ ಯಾರೋ ಗೊತ್ತಿಲ್ಲದವನು ಹುಡುಗಿಗೆ ದಿನಾ ಮಾತಾಡಿಸ್ತಿದ್ದಾನೆ ಅಂತ ಅತ್ತಿಗೆಗೆ ಗೊತ್ತಾಯಿತು. ಹೇಳಿದ್ದು ಹುಡುಗಿಯೇ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅಣ್ಣನಿಗೆ ಗಾಬರಿ. ಗಾಬರಿ ಆಗಬೇಕಾದ್ದೇ. ಮಾರನೇ ದಿನವೇ ಗೋಣಿಕೊಪ್ಪದ ಒಂದು ಮೊಬೈಲ್ ಅಂಗಡಿಗೆ ಹೋದ. ಅಂಗಡಿಯ ಹುಡುಗ, "ಸಾರ್, ಡಿಲೀಟ್ ಮಾಡಿದ ಮೆಸೇಜೂ ನಿಮಗೆ ಕಾಣ್ತದೆ, ಒಂದಕ್ಷರ ಬಿಡೋದಿಲ್ಲ" ಅಂದನಂತೆ. ವರ್ಷಕ್ಕೆ ಮೂರು ಸಾವಿರದ ಹತ್ತಿರ ಕೊಟ್ಟು ಬಂದ.

ಹಾಕುವ ಕೆಲಸ ನನ್ನ ತಲೆಗೆ ಬಂತು, ಮನೆಯಲ್ಲಿ ಫೋನ್ ರಿಪೇರಿ ಅಂದರೆ ನಾನೇ. ಅಪ್ಪ ಅಮ್ಮನ ಕಡೆಯ ಆಪ್ ಪ್ಲೇ ಸ್ಟೋರಿನಲ್ಲಿದೆ. ಮಗುವಿನ ಫೋನಿಗೆ ಹಾಕುವುದು ಮಾತ್ರ ಅಲ್ಲಿಲ್ಲ, ಕಂಪನಿಯ ಸೈಟಿನಿಂದ ಇಳಿಸಬೇಕು. ಇಳಿಸುವ ಮೊದಲು ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅನ್ನುತ್ತದೆ. ಅಂದರೆ ಫೋನಿಗೆ ವೈರಸ್ ಬರದಂತೆ ಇರುವ ಕಾವಲನ್ನು ತೆಗೆದು ನಮ್ಮನ್ನು ಒಳಗೆ ಬಿಡಿ ಅಂತ. ಆಮೇಲೆ ಆಕ್ಸೆಸಿಬಿಲಿಟಿ ಪರ್ಮಿಷನ್ ಕೇಳುತ್ತದೆ. ಇದು ಕಣ್ಣು ಕಾಣದವರಿಗೆ ಪರದೆ ಮೇಲಿನದನ್ನು ಓದಿ ಹೇಳೋಕೆ ಅಂತ ಆಂಡ್ರಾಯ್ಡ್‌ನಲ್ಲಿ ಇಟ್ಟಿರುವ ದಾರಿ. ಆಪ್ ಅದೇ ದಾರಿಯಲ್ಲಿ, ಪರದೆ ಮೇಲೆ ಬಂದ ವಾಟ್ಸಾಪ್‌ನಂಥ ಆಪ್‌ಗಳ ಮೆಸೇಜುಗಳನ್ನು ಓದಿ ಕಂಪನಿಯ ಸರ್ವರಿಗೆ ಕಳಿಸುತ್ತದೆ. ವಾಟ್ಸಾಪಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ, ನಿಜ, ದಾರಿ ಮಧ್ಯೆ ಯಾರೂ ಓದಲಾಗದು. ಇಲ್ಲಿ ದಾರಿ ಮಧ್ಯೆ ಓದುವ ತಾಪತ್ರಯವೇ ಇಲ್ಲ, ಹುಡುಗಿ ಕಣ್ಣ ಮುಂದೆ ಬಂದದ್ದನ್ನೇ ಎತ್ತಿಕೊಳ್ಳುತ್ತದೆ.

ಇನ್ನು ಅಲರ್ಟ್‌ಗಳು. ನಮ್ಮಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ, ಅದೂ ಟವರಿನ ಜನರೇಟರ್ ಓಡುತ್ತಿದ್ದರೆ. ಹಾಗಾಗಿ ದಿನವಿಡೀ ಏನೂ ಬರುವುದಿಲ್ಲ, ಕರೆಂಟ್ ಬಂದ ಕೂಡಲೇ ಅಣ್ಣನ ಫೋನು ಟಣ್ ಟಣ್ ಅಂತ ಶುರು ಮಾಡುತ್ತದೆ. ಮೊದಲು ಬಂದ ಕೆಂಪು ಅಲರ್ಟ್ "ಲೈಂಗಿಕ ವಿಷಯ ಹುಡುಕಾಟ". ತೆಗೆದು ನೋಡಿದರೆ ವಿಜ್ಞಾನದ ಪ್ರಾಜೆಕ್ಟಿಗೆ ಹದಿಹರೆಯದ ಪಾಠದ ಬಗ್ಗೆ ಹುಡುಕಿದ್ದು. ಎರಡನೆಯದು ಗೆಳತಿ ಒಬ್ಬಳು ಮುಟ್ಟಿನ ಹೊಟ್ಟೆನೋವಿಗೆ ಏನು ಮಾಡೋದು ಅಂತ ಕೇಳಿದ್ದು. ಅದನ್ನು ಅಣ್ಣ ಓದಿದ. ಆ ಗೆಳತಿಯ ಅಪ್ಪ ನಮಗೆಲ್ಲ ಗೊತ್ತಿರುವವರು, ಸಂತೆಯಲ್ಲಿ ಸಿಗುವವರು. ಅಣ್ಣ ಎರಡು ದಿನ ಸುಮ್ಮನಿದ್ದ.

ಮೂರನೆಯದು ಎಲ್ಲರಿಗೂ ಹೇಳಿ ನಗುವಂಥದ್ದು. "ಅಶ್ಲೀಲ ಚಿತ್ರ ಇರಬಹುದು" ಅಂತ ಬಂತು. ತೆಗೆದರೆ, ಗೆಳತಿ ಕಳಿಸಿದ ಫೋಟೋ, ಅವಳ ಅಜ್ಜ ಗದ್ದೆಯಿಂದ ಬಂದು ಜಗಲಿ ಮೇಲೆ ಪಂಚೆ ಮೇಲೆತ್ತಿ ಕೂತಿದ್ದಾರೆ, ಮೊಣಕಾಲಿನ ಕೆಳಗೆ ದಪ್ಪ ಜಿಗಣೆ ಒಂದು ರಕ್ತ ಕುಡಿದು ನೇತಾಡುತ್ತಿದೆ, ಪಕ್ಕದಲ್ಲಿ ಉಪ್ಪಿನ ಡಬ್ಬ. ಚರ್ಮ ಜಾಸ್ತಿ ಕಂಡಿತಲ್ಲ, ಕಂಪ್ಯೂಟರಿಗೆ ಅಷ್ಟೇ ಸಾಕು. ಆನೆಗೆ ಅಂತ ಹಾಕಿದ ಬೇಲಿಗೆ ನಮ್ಮ ದನವೇ ಸಿಕ್ಕಿಕೊಂಡ ಹಾಗೆ ಆಯಿತು.

ಸರಿ, ಇದು ತಪ್ಪು ಅಲರ್ಟ್‌ಗಳ ಕಥೆ. ತಪ್ಪಿದರೂ ಪರವಾಗಿಲ್ಲ, ನಿಜವಾದ ಅಪಾಯ ಹಿಡಿದರೆ ಸಾಕು ಅಂತ ಅಣ್ಣನ ವಾದ. ನಾನೂ ಅದನ್ನೇ ನೋಡೋಣ ಅಂತ ನನ್ನ ಹಳೇ ಫೋನಿನಲ್ಲಿ ಇನ್ನೊಂದು ಮಗುವಿನ ಪ್ರೊಫೈಲ್ ಮಾಡಿದೆ. ಬೇರೆ ನಂಬರಿನಿಂದ ನಾನೇ ಮೆಸೇಜ್ ಹಾಕಿದೆ, ಅಪರಿಚಿತ ಹಾಕುವ ಥರ. ನೀನು ತುಂಬಾ ಚೆನ್ನಾಗಿ ಆಡ್ತೀಯಾ. ಯಾವ ಸ್ಕೂಲು. ಮನೇಲಿ ಬೈತಾರಾ, ಪಾಪ. ಇದನ್ನ ಅಮ್ಮಂಗೆ ಹೇಳ್ಬೇಡ. ಬೇರೆ ಆಪ್‌ಗೆ ಬಾ, ಅಲ್ಲಿ ಮಾತಾಡೋಣ. ಒಂದು ಅಲರ್ಟೂ ಇಲ್ಲ. ಯಾಕೆಂದರೆ ಒಂದೂ ಕೆಟ್ಟ ಮಾತಿಲ್ಲ. ಮಕ್ಕಳನ್ನು ಬಲೆಗೆ ಹಾಕುವವರು ಶುರು ಮಾಡುವುದೇ ಹೀಗೆ, ಒಳ್ಳೆ ಮಾತಿನಿಂದ, ಗುಟ್ಟಿನಿಂದ. ಗೇಮಿನ ಒಳಗಿನ ಚಾಟ್ ಅಂತೂ ಈ ಆಪ್‌ಗೆ ಕಾಣುವುದೇ ಇಲ್ಲ. ಅಣ್ಣ ಆಪ್ ಹಾಕಿಸಿದ್ದು ಅದೇ ಗೇಮಿನ ಕಾರಣಕ್ಕೆ!

ಇಷ್ಟಾದ ಮೇಲೆ ಊಟದ ಹೊತ್ತಿಗೆ ನಮ್ಮಿಬ್ಬರ ಜಗಳ. ಅವಳಿಗೂ ಮಾತಿನ ಸ್ವಾತಂತ್ರ್ಯ, ಪ್ರೈವೆಸಿ ಇದೆ ಅಂತ ನಾನು ಅಂದೆ. "ಎಂಥ ಮಾರಾಯ, ಹದಿಮೂರು ವರ್ಷದ ಹುಡುಗಿಗೆ ಎಂಥ ಫ್ರೀ ಸ್ಪೀಚು? ಅದೆಲ್ಲ ಪೇಪರಿನವರಿಗೆ" ಅಂದ. ಈ ಮಾತು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ, ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ರಿವ್ಯೂ ಬಿಟ್ಟು ಎಲ್ಲೋ ಹೋದ ಅನ್ನಬೇಡಿ, ಆಪ್ ಮಾರುವವರು ಹೇಳುವುದೂ ಇದನ್ನೇ: ಮಗುವಿನ ರಕ್ಷಣೆ ಬೇಕಾ, ಪ್ರೈವೆಸಿ ಬೇಕಾ, ಒಂದು ಆರಿಸಿಕೊಳ್ಳಿ.

ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೆ ಕೊಟ್ಟಿದೆ. ವಯಸ್ಸು ಬರೆದಿಲ್ಲ. ಅದೇ ವಿಧಿಯ ಎರಡನೇ ಭಾಗ ಸಭ್ಯತೆ, ನೈತಿಕತೆ ಇತ್ಯಾದಿ ಕಾರಣಕ್ಕೆ ನ್ಯಾಯವಾದ ಮಿತಿ ಹಾಕಬಹುದು ಅನ್ನುತ್ತದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದ್ದು, ಭಾರತ 1992ರಲ್ಲಿ ಒಪ್ಪಿತು. ಅದರಲ್ಲಿ 13ನೇ ವಿಧಿ ಮಗುವಿನ ಮಾತಿನ ಹಕ್ಕು, 16ನೇ ವಿಧಿ ಮಗುವಿನ ಖಾಸಗಿತನ, 34ನೇ ವಿಧಿ ಲೈಂಗಿಕ ಶೋಷಣೆಯಿಂದ ರಕ್ಷಣೆ. ಮೂರೂ ಒಂದೇ ಕಾಗದದಲ್ಲಿ. ಬರೆದವರಿಗೆ ಇವು ಒಂದಕ್ಕೊಂದು ಎದುರು ಅಂತ ಅನ್ನಿಸಲಿಲ್ಲ.

ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ, ವಿಡಿಯೋಗಳನ್ನು ಮಾತಿನ ಸ್ವಾತಂತ್ರ್ಯ ಅಂತ ನಮ್ಮ ಕಾನೂನು ಒಪ್ಪುವುದಿಲ್ಲ. ಮಾತಿನ ಸ್ವಾತಂತ್ರ್ಯಕ್ಕೆ ಹೆಸರಾದ ಅಮೆರಿಕದಲ್ಲೂ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ, ಇದಕ್ಕೆ ಆ ರಕ್ಷಣೆ ಇಲ್ಲ ಅಂದಿತು. ಕಾರಣ ಸರಳ. ಆ ಚಿತ್ರ ಇದೆ ಅಂದರೆ ಒಂದು ಮಗುವಿನ ಮೇಲೆ ದೌರ್ಜನ್ಯ ನಡೆದಿದೆ, ಪ್ರತಿ ಸಲ ಹಂಚಿದಾಗಲೂ ಆ ಮಗುವಿಗೆ ಮತ್ತೆ ಪೆಟ್ಟು. ನಮ್ಮ ಐಟಿ ಕಾಯಿದೆಯ 67ಬಿ ಸೆಕ್ಷನ್ ಇಂಥದ್ದನ್ನು ಹಂಚುವುದು ಮಾತ್ರ ಅಲ್ಲ, ಹುಡುಕುವುದು, ಡೌನ್‌ಲೋಡ್ ಮಾಡುವುದೂ ಅಪರಾಧ ಅನ್ನುತ್ತದೆ, ಮೊದಲ ಸಲಕ್ಕೆ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಆನ್‌ಲೈನ್‌ನಲ್ಲಿ ಮಕ್ಕಳಿಗೆ ಆಮಿಷ ಒಡ್ಡಿ ಲೈಂಗಿಕ ಸಂಬಂಧಕ್ಕೆ ಎಳೆಯುವುದೂ ಅದೇ ಸೆಕ್ಷನ್ನಿನಲ್ಲಿ ಬರುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಅಂತಲೇ 2012ರ ಪೋಕ್ಸೋ ಕಾಯಿದೆ ಬೇರೆ ಇದೆ. ಬರೀ ನೋಡೋದು ತಪ್ಪಲ್ಲ ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದನ್ನು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಹಾಗೇ 67ಬಿಯಲ್ಲೇ ವಿನಾಯಿತಿಯೂ ಇದೆ. ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಗಾಗಿ ಸಾರ್ವಜನಿಕ ಹಿತಕ್ಕೆ ಪ್ರಕಟಿಸಿದ್ದು ಅಪರಾಧ ಅಲ್ಲ. ಕಾನೂನು ಮಾಡಿದವರಿಗೆ ಎಂಟನೇ ಕ್ಲಾಸಿನ ಪಾಠಕ್ಕೂ ಅಪರಾಧಕ್ಕೂ ವ್ಯತ್ಯಾಸ ಗೊತ್ತಿತ್ತು, ಮೂರು ಸಾವಿರದ ಆಪ್‌ಗೆ ಗೊತ್ತಿಲ್ಲ. ಗೆರೆ ಸರಿಯಾಗಿ ಎಳೆಯದಿದ್ದರೆ ಏನಾಗುತ್ತದೆ ಅಂತ ಅದೇ ಐಟಿ ಕಾಯಿದೆಯ 66ಎ ಸೆಕ್ಷನ್ನಿನಲ್ಲಿ ನೋಡಿದ್ದೇವೆ. ಕಿರಿಕಿರಿ ಆಗುವಂಥ ಮೆಸೇಜ್ ಅಂತ ಹೇಳಿ ಫೇಸ್‌ಬುಕ್‌ನಲ್ಲಿ ಬರೆದವರನ್ನು, ಲೈಕ್ ಒತ್ತಿದವರನ್ನೂ ಹಿಡಿದು ಹಾಕಿದ್ದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತು ಹಾಕಿತು. 67ಬಿ ಹಾಗೇ ಉಳಿದಿದೆ. ಇನ್ನು ಪ್ರೈವೆಸಿ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂತಲ್ಲ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅಣ್ಣನಿಗೆ ಇದು ಗೊತ್ತಿರಲಿಲ್ಲ, ಹೆಮ್ಮೆಯಿಂದ ಹೇಳಿದೆ. ಅವನು ಸಾರು ಬಡಿಸಿಕೊಂಡ.

ಅವನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಕಾನೂನಲ್ಲ, ಆಪ್‌ನ ಡ್ಯಾಶ್‌ಬೋರ್ಡಿನ "ಗ್ಯಾಲರಿ" ಅನ್ನುವ ಪೇಜು. ಹುಡುಗಿಯ ಫೋನಿಗೆ ಬಂದ ಪ್ರತಿ ಫೋಟೋದ ಪ್ರತಿ ಅಲ್ಲಿ ಸಾಲಾಗಿ ಕೂತಿದೆ. ಅವಳು ತನ್ನ ಫೋನಿನಿಂದ ಅಳಿಸಿದ್ದೂ ಇದೆ. ಈಗ ಯೋಚನೆ ಮಾಡಿ. ನಾಳೆ ಯಾವನೋ ಅಯೋಗ್ಯ ಇವಳ ಗೆಳತಿಯದ್ದೊಂದು ಕೆಟ್ಟ ಫೋಟೋ ಇವಳಿಗೆ ಕಳಿಸಿದ ಅಂತಿಟ್ಟುಕೊಳ್ಳಿ. ಇವಳು ಹೆದರಿ ಅಳಿಸುತ್ತಾಳೆ. ಆಪ್ ಅಳಿಸುವುದಿಲ್ಲ. ಒಂದು ಪ್ರತಿ ಕಂಪನಿಯ ಸರ್ವರಿನಲ್ಲಿ, ಅದು ಯಾವ ದೇಶದಲ್ಲಿದೆಯೋ ಸೈಟಿನಲ್ಲಿ ಬರೆದಿಲ್ಲ, ಇನ್ನೊಂದು ಅಣ್ಣನ ಫೋನಿನಲ್ಲಿ. ಇಂಥ ಚಿತ್ರಗಳ ಪ್ರತಿ ಕಡಿಮೆ ಮಾಡೋದು ಕಾನೂನಿನ ಉದ್ದೇಶ, ಈ ಆಪ್ ಪ್ರತಿ ಜಾಸ್ತಿ ಮಾಡುತ್ತದೆ. 2023ರ ಡೇಟಾ ರಕ್ಷಣೆ ಕಾಯಿದೆ ಪ್ರಕಾರ 18 ತುಂಬದವರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಸರಿ, ಅಣ್ಣ ಒಪ್ಪಿದ. ಆ ಗೆಳತಿಯ ಅಪ್ಪ ಅಮ್ಮ ಯಾವಾಗ ಒಪ್ಪಿದರು?

ಇನ್ನೂ ಒಂದಿದೆ, ಹೇಳೋಕೆ ಕಷ್ಟ, ಆದರೂ ಹೇಳಬೇಕು. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವರದಿಗಳಲ್ಲಿ ವರ್ಷ ವರ್ಷವೂ ಒಂದೇ ವಿಷಯ ಕಾಣುತ್ತದೆ, ಮಕ್ಕಳ ಮೇಲಿನ ಅತ್ಯಾಚಾರದ ಕೇಸುಗಳಲ್ಲಿ ಹೆಚ್ಚಿನ ಆರೋಪಿಗಳು ಮಗುವಿಗೆ ಗೊತ್ತಿರುವವರು. ನೆಂಟರು, ಪಕ್ಕದವರು, ಕೆಲವು ಸಲ ಮನೆಯವರೇ. ಈ ಆಪ್ ಕಾಲ್ ಲಾಗ್ ಪೂರ್ತಿ ತೋರಿಸುತ್ತದೆ. ಅಂದರೆ ಮಗು ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿದ ಕಾಲ್ ಕೂಡ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಅಂತ ತೋರಿಸುತ್ತದೆ. ತೊಂದರೆ ಕೊಡುತ್ತಿರುವವನ ಕೈಯಲ್ಲೇ ಈ ಡ್ಯಾಶ್‌ಬೋರ್ಡ್ ಇದ್ದರೆ? ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಚೈಲ್ಡ್ ಹೆಲ್ಪ್‌ಲೈನ್ ನಂಬರನ್ನು ಲಾಗಿನಿಂದ ಮರೆ ಮಾಡುವ ಸೆಟ್ಟಿಂಗ್ ಇದೆಯಾ ಅಂತ ಕೇಳಿದೆ. ಆ ಕಡೆಯವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಸಾರ್, ಎಲ್ಲಾ ನಂಬರೂ ಬರುತ್ತೆ, ಚಿಂತೆ ಮಾಡಬೇಡಿ" ಅಂದರು. ಅರ್ಧ ಸ್ಟಾರ್ ಕಡಿಮೆ ಮಾಡಬೇಕು ಅನ್ನಿಸಿದ್ದು ಆಗಲೇ.

ಹಾಗಾದರೆ ಏನೂ ಮಾಡೋದು ಬೇಡವಾ ಅಂತ ಕೇಳಬೇಡಿ. ಮೆಸೇಜ್ ಓದದೆಯೂ ಕೆಲಸ ಮಾಡುವ ವ್ಯವಸ್ಥೆಗಳಿವೆ. ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆ ಇದೆ, ಅಮೆರಿಕದಲ್ಲಿ 1984ರಲ್ಲಿ ಶುರುವಾದ ಎನ್‌ಸಿಎಂಇಸಿ ಅನ್ನುವ ಸಂಸ್ಥೆ ನಡೆಸುತ್ತದೆ, ಬೇರೆ ದೇಶದವರೂ ಬಳಸಬಹುದು. 18 ತುಂಬುವ ಮೊದಲು ತೆಗೆದ ನಗ್ನ ಫೋಟೋ ಎಲ್ಲಾದರೂ ಹರಿದಾಡುತ್ತಿದೆ ಅಥವಾ ಯಾರೋ ಹಾಕುತ್ತೇನೆ ಅಂತ ಹೆದರಿಸುತ್ತಿದ್ದಾರೆ ಅಂದರೆ ಇದು. ಹೆಸರು ಕೊಡಬೇಕಾಗಿಲ್ಲ. ಫೋಟೋ ಕೂಡ ನಿಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ. ಫೋನಿನಲ್ಲೇ ಅದಕ್ಕೊಂದು ಹ್ಯಾಶ್ ಮಾಡಿ, ಅದನ್ನಷ್ಟೇ ಕಳಿಸುತ್ತದೆ. ಹ್ಯಾಶ್ ಅಂದರೆ ಏನು ಅಂತ ಅತ್ತಿಗೆಗೆ ತೋರಿಸೋಕೆ ಲ್ಯಾಪ್‌ಟಾಪ್‌ನಲ್ಲಿ ಕಾಫಿ ಹೂವಿನ ಫೋಟೋ ಒಂದಕ್ಕೆ ಹ್ಯಾಶ್ ತೆಗೆದೆ. ಒಂದು ಸಾಲು ಅಂಕಿ, ಅಕ್ಷರ ಬಂತು. ಆ ಸಾಲಿನಿಂದ ಹೂವು ವಾಪಸ್ ಬರಲ್ಲ, ಆದರೆ ಅದೇ ಫೋಟೋ ಮತ್ತೆ ಸಿಕ್ಕರೆ ಅದೇ ಸಾಲು ಬರುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಂಪನಿಗಳು ಈ ಪಟ್ಟಿ ಇಟ್ಟುಕೊಂಡು ತಮ್ಮಲ್ಲಿ ಸಿಕ್ಕಿದ್ದನ್ನು ತೆಗೆಯುತ್ತವೆ. ಎನ್‌ಕ್ರಿಪ್ಟ್ ಆದ ಚಾಟ್ ಒಳಗೆ ಇದು ನಡೆಯುವುದಿಲ್ಲ, ಆ ಮಿತಿ ತಿಳಿದಿರಲಿ. ಹಾಗಿದ್ದರೂ ಈ ಸೇವೆಗೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ.

ಹ್ಯಾಶ್ ಹಿಡಿಯುವುದು ಈಗಾಗಲೇ ಗೊತ್ತಿರುವ ಚಿತ್ರವನ್ನು. ಹೊಸ ಚಿತ್ರವನ್ನು ಎಐ ಊಹೆ ಮಾಡಿ ಹಿಡಿಯುತ್ತೇನೆ ಅಂತ ಹೊರಟಾಗ ಗೋಳು ಶುರು. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಅಪ್ಪ 2021ರಲ್ಲಿ ತನ್ನ ಪುಟ್ಟ ಮಗನಿಗೆ ಊತ ಬಂದ ಜಾಗದ ಫೋಟೋ ತೆಗೆದ, ಡಾಕ್ಟರಿಗೆ ತೋರಿಸೋಕೆ. ಗೂಗಲ್ ಅದನ್ನು ಶೋಷಣೆಯ ಚಿತ್ರ ಅಂತ ಗುರುತು ಹಾಕಿತು, ಅಕೌಂಟ್ ಹೋಯಿತು, ವರ್ಷಗಳ ಫೋಟೋ, ಮೇಲ್ ಎಲ್ಲ ಹೋಯಿತು. ಪೊಲೀಸರು ವಿಚಾರಿಸಿ ತಪ್ಪಿಲ್ಲ ಅಂದರೂ ಗೂಗಲ್ ಅಕೌಂಟ್ ವಾಪಸ್ ಕೊಡಲಿಲ್ಲ. ನಮ್ಮಲ್ಲೂ ಮಳೆಗಾಲದಲ್ಲಿ ಮಡಿಕೇರಿಯ ಡಾಕ್ಟರ ಹತ್ತಿರ ಹೋಗೋಕಾಗದೆ ಮಗುವಿನ ಗಾಯದ ಫೋಟೋ ಕಳಿಸೋದು ಇದ್ದದ್ದೇ ಅಲ್ವಾ. ಆಪಲ್ ಕಂಪನಿಯೂ 2021ರ ಆಗಸ್ಟ್‌ನಲ್ಲಿ ಜನರ ಫೋನಿನಲ್ಲೇ ಚಿತ್ರ ಹೋಲಿಸಿ ನೋಡುವ ಯೋಜನೆ ತಂದಿತ್ತು. ಅದು ಹ್ಯಾಶ್‌ನದ್ದೇ ಆದರೂ, ಇವತ್ತು ಮಕ್ಕಳ ಚಿತ್ರದ ಪಟ್ಟಿ, ನಾಳೆ ಯಾವುದೋ ಸರ್ಕಾರ ಬೇರೆ ಪಟ್ಟಿ ಕೊಟ್ಟರೆ ಅಂತ ಜನ ಕೇಳಿದರು. 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. ಆ ಪ್ರಶ್ನೆ ನನಗೂ ಸರಿ ಅನ್ನಿಸುತ್ತದೆ.

ಅಂದಹಾಗೆ ನಮ್ಮ ಊರಿನ ವಾಟ್ಸಾಪ್ ಗ್ರೂಪುಗಳಿಗೆ ಒಂದು ಮಾತು. "ಈ ಪಾಪಿ ಸಿಗುವವರೆಗೆ ಶೇರ್ ಮಾಡಿ" ಅಂತ ಮಗುವಿನ ಮುಖ ಕಾಣುವ ವಿಡಿಯೋ ಬರುತ್ತದಲ್ಲ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಉದ್ದೇಶ ಒಳ್ಳೆಯದಿರಬಹುದು. ಆದರೆ ಹಂಚಿದವರ ಮೇಲೂ ಕೇಸ್ ಬೀಳಬಹುದು, ಸಂತ್ರಸ್ತ ಮಗುವಿನ ಗುರುತು ಬಯಲು ಮಾಡಬಾರದು ಅಂತ ಪೋಕ್ಸೋದಲ್ಲೇ ಇದೆ. ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಆ ಪೋರ್ಟಲ್ ಬಂದದ್ದೇ, ಸುನಿತಾ ಕೃಷ್ಣನ್ ಅವರ ಪ್ರಜ್ವಲಾ ಸಂಸ್ಥೆ ಇಂಥ ವಿಡಿಯೋಗಳ ಬಗ್ಗೆ 2015ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರದಿಂದ ಶುರುವಾದ ಕೇಸಿನಿಂದ. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ದೂರು ಕೊಡದಿದ್ದರೆ ಅದೂ ಪೋಕ್ಸೋ ಪ್ರಕಾರ ಅಪರಾಧ.

ಗೇಮಿನವನ ಕಥೆ ಏನಾಯಿತು ಅಂದರೆ, ಹುಡುಗಿ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಳು, ಅತ್ತಿಗೆ ಅದನ್ನು ಜೋಪಾನ ಮಾಡಿ ದೂರು ಹಾಕಿದರು, ಅಕೌಂಟ್ ಬ್ಲಾಕ್ ಆಗಿದೆ. ಆಪ್ ಹಾಕಿದ ಮೇಲೆ ಮಾತ್ರ ಹುಡುಗಿ ಯಾವುದನ್ನೂ ಹೇಳುತ್ತಿರಲಿಲ್ಲ. ಗೆಳತಿಯ ಫೋನಿನಿಂದ ಮಾತಾಡೋಕೆ ಶುರು ಮಾಡಿದ್ದಳು. ಚಿಕ್ಕಪ್ಪ, ನೀವೇ ಅಲ್ವಾ ಹಾಕಿದ್ದು ಅಂತ ನನ್ನ ಹತ್ತಿರವೂ ಮುಖ ಊದಿಸಿಕೊಂಡಿದ್ದಳು. ಈಗ ಫ್ಯಾಮಿಲಿ ಲಿಂಕ್ ಹಾಕಿದ್ದೇವೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ. ಅದು ಯಾವ ಆಪ್ ಹಾಕಬಹುದು, ಎಷ್ಟು ಹೊತ್ತು, ಎಲ್ಲಿದ್ದಾಳೆ ಅಷ್ಟೇ ನೋಡುತ್ತದೆ, ಮೆಸೇಜ್ ಓದುವುದಿಲ್ಲ. ರಾತ್ರಿ ಒಂಬತ್ತಕ್ಕೆ ಲಾಕ್ ಅಂತ ಅತ್ತಿಗೆ, ಹತ್ತಕ್ಕೆ ಅಂತ ಅವಳು. ಒಂಬತ್ತೂವರೆಗೆ ನಿಂತಿತು.

ಈಗಾಗಲೇ ದುಡ್ಡು ಕೊಟ್ಟವರು ಗಮನಿಸಿ. ಆಪ್ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, ಆಗ ಸರ್ವರಿನಲ್ಲಿರುವುದು ಹಾಗೇ ಉಳಿಯುತ್ತದೆ. ಮೊದಲು ಡ್ಯಾಶ್‌ಬೋರ್ಡಿನಲ್ಲಿ ಅಕೌಂಟ್ ಡಿಲೀಟ್ ಒತ್ತಿ, ಡೇಟಾ ಅಳಿಸಿ ಅಂತ ಮೇಲ್ ಹಾಕಿ, ಉತ್ತರ ಬರುವವರೆಗೆ ಬಿಡಬೇಡಿ. ಮಗುವಿನ ಫೋನಿನಲ್ಲಿ ಆಕ್ಸೆಸಿಬಿಲಿಟಿ ಪರ್ಮಿಷನ್ ಆಫ್ ಮಾಡಿ ಆಮೇಲೆ ಆಪ್ ತೆಗೆಯಿರಿ, ಪ್ಲೇ ಪ್ರೊಟೆಕ್ಟ್ ವಾಪಸ್ ಆನ್ ಮಾಡಿ. ಯುಪಿಐನಲ್ಲಿ ಆಟೋಪೇ ಹಾಕಿರುತ್ತಾರೆ, ಅಂಗಡಿಯವರು ಅದನ್ನು ಹೇಳುವುದಿಲ್ಲ, ನೀವೇ ಹುಡುಕಿ ಕ್ಯಾನ್ಸಲ್ ಮಾಡಬೇಕು. ರಿಫಂಡ್ ಕೇಳಿದ್ದೆವು, ಇನ್ನೂ ಬಂದಿಲ್ಲ.